ಅನುಕೂಲ ಯಾರಿಗೆ? : ಚೀನೀ ಕಲಿಕಾರ್ಥಿಗಳ ಒಂದು ಇಂಗ್ಲಿಷ್ ಗುಣವಾಚಕ

ಪರಭಾಷೆಯೊಂದನ್ನು ಶಾಲೆಯಲ್ಲಿ ಕಲಿಯುವವರಿಗೆ ಆ ಭಾಷೆ ಬಹುಮಟ್ಟಿಗೆ ಪದಪಟ್ಟಿಯ ರೂಪದಲ್ಲಿಯೇ ಪರಿಚಯವಾಗುತ್ತದೆ. ಚೀನಾದ ಶಾಲೆಗಳ ಇಂಗ್ಲಿಷ್ ಪಠ್ಯಪುಸ್ತಕಗಳ ಕೊನೆಯಲ್ಲಿ ಇಂತಹ ಪಟ್ಟಿಗಳಿರುತ್ತವೆ. ಎಡಗಡೆ ಇಂಗ್ಲಿಷ್ ಪದ, ಪಕ್ಕದಲ್ಲಿ ಉಚ್ಚಾರಣೆಯ ಸಂಕೇತ ಮತ್ತು ವ್ಯಾಕರಣ ವರ್ಗ, ಬಲಗಡೆ ಚೀನೀ ಸಮಾನಾರ್ಥಕ. ‘ಕನ್ವೀನಿಯೆಂಟ್’ ಎಂಬ ಗುಣವಾಚಕದ ಬಲಕ್ಕೆ ‘ಫಾಂಗ್‌ಬ್ಯೆನ್’ ಎಂಬ ಪದವಿರುತ್ತದೆ. ನಮ್ಮ ಇಂಗ್ಲಿಷ್-ಕನ್ನಡ ನಿಘಂಟುಗಳಲ್ಲಿ ಅದೇ ಪದದ ಎದುರು ‘ಅನುಕೂಲಕರ’, ‘ಅನುಕೂಲವಾದ’ ಎಂದಿರುವಂತೆಯೇ ಇದು. ಎರಡು ಸಮಾನಾರ್ಥಕಗಳೂ ಸರಿಯಾದವೇ. ಇವುಗಳಿಗಿಂತ ಹತ್ತಿರದ ಪದಗಳನ್ನು ಹುಡುಕುವುದು ಕಷ್ಟ. ಆದರೆ ಚೀನೀ ಕಲಿಕಾರ್ಥಿಯನ್ನು ಈ ಸರಿಯಾದ ಸಮಾನಾರ್ಥಕವೇ ತಪ್ಪು ವಾಕ್ಯಕ್ಕೆ ಕರೆದೊಯ್ಯುತ್ತದೆ. ಕನ್ನಡದ ಕಲಿಕಾರ್ಥಿಯನ್ನು ಹಾಗೆ ಕರೆದೊಯ್ಯುವುದಿಲ್ಲ. ಈ ವ್ಯತ್ಯಾಸದ ಕಾರಣ ಪದದ ಅರ್ಥದಲ್ಲಿ ಸಿಗುವುದಿಲ್ಲ, ಆ ಪದ ವಾಕ್ಯದಲ್ಲಿ ವ್ಯಕ್ತಿಗೆ ಕೊಡುವ ಸ್ಥಾನದಲ್ಲಿ ಸಿಗುತ್ತದೆ ಎಂಬುದು ನನ್ನ ತಿಳುವಳಿಕೆ.

ಕನ್ನಡ ಗುಣವಾಚಕಗಳ ವಾಕ್ಯವ್ಯವಹಾರವನ್ನು ಕುರಿತು ಸಂಶೋಧನೆ ಮಾಡುತ್ತಿರುವ ನನಗೆ ಚೀನೀ ಭಾಷೆಯಲ್ಲಿ ವಿದ್ವತ್ತೇನೂ ಇಲ್ಲ. ಆದರೆ ನನ್ನ ವಿಷಯವೇ ನನ್ನನ್ನು ಅತ್ತ ಎಳೆಯಿತು. ‘ಹೊಸ’, ‘ಹಳೆ’, ‘ದೊಡ್ಡ’, ‘ಚಿಕ್ಕ’ ಮುಂತಾದ ಕೆಲವನ್ನು ಬಿಟ್ಟರೆ ಕನ್ನಡದಲ್ಲಿ ನಾವು ಗುಣವಾಚಕಗಳೆಂದು ಬಳಸುವ ಪದಗಳಲ್ಲಿ ಹೆಚ್ಚಿನವು ನಾಮಪದಕ್ಕೆ ‘ಆದ’ ಸೇರಿ ಆದವು. ಇದನ್ನು ಗುಣವಾಚಕವೆಂಬ ಪ್ರತ್ಯೇಕ ವರ್ಗವೆಂದು ಕರೆಯಬಹುದೇ ಎಂಬ ಪ್ರಶ್ನೆ ಹಳೆಯದು. ಡಿ.ಎನ್. ಶಂಕರಭಟ್ಟರು ೧೯೯೪ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವೊಂದು ಜಗತ್ತಿನ ಹಲವು ಭಾಷೆಗಳನ್ನು ಮುಂದಿಟ್ಟುಕೊಂಡು ಗುಣವಾಚಕವೆಂಬ ವರ್ಗವನ್ನೇ ಪರಿಶೀಲಿಸುತ್ತದೆ. ಚೀನೀ ಭಾಷೆಯಲ್ಲಿ ಗುಣವಾಚಕವು ಕ್ರಿಯಾಪದದ ನೆರೆಯಲ್ಲಿದೆ; ೧೯೬೮ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ವ್ಯಾಕರಣದಲ್ಲಿ ಯ್ವೆನ್ ರೆನ್ ಚಾವೋ ಅವರು ಅದನ್ನು ಕ್ರಿಯಾಪದಗಳ ಜೊತೆಗೇ ಇಟ್ಟು ನೋಡುತ್ತಾರೆ. ಕನ್ನಡದಲ್ಲಿ ಅದು ನಾಮಪದದ ನೆರೆಯಲ್ಲಿದೆ. ಇಂಗ್ಲಿಷಿನ ಗುಣವಾಚಕ ಈ ಎರಡು ಮನೆಗಳಿಗೂ ಸೇರದ ಮೂರನೆಯದು.

ಚೀನೀ ಕಲಿಕಾರ್ಥಿಗಳ ಇಂಗ್ಲಿಷಿನಲ್ಲಿ ಪದೇ ಪದೇ ಕಾಣುವ ವಾಕ್ಯವೊಂದಿದೆ: ‘ಆರ್ ಯೂ ಕನ್ವೀನಿಯೆಂಟ್ ಟುಮಾರೊ?’ ನಾಳೆ ನಿಮಗೆ ಅನುಕೂಲವಾಗುತ್ತದೆಯೇ ಎಂದು ಕೇಳುವುದು ಅದರ ಉದ್ದೇಶ. ಇಂಗ್ಲಿಷಿನ ರೂಢಿಯಂತೆ ಇದು ‘ಈಸ್ ಟುಮಾರೊ ಕನ್ವೀನಿಯೆಂಟ್ ಫಾರ್ ಯೂ?’ ಎಂದಾಗಬೇಕು. ಅಲ್ಲಿ ಸಮಯ ಅನುಕೂಲವಾಗಿರಬಹುದು, ಜಾಗ ಅನುಕೂಲವಾಗಿರಬಹುದು, ರೈಲುನಿಲ್ದಾಣಕ್ಕೆ ಹತ್ತಿರವಿರುವ ಮನೆ ಅನುಕೂಲವಾಗಿರಬಹುದು; ಮನುಷ್ಯ ಮಾತ್ರ ಈ ಅರ್ಥದಲ್ಲಿ ‘ಕನ್ವೀನಿಯೆಂಟ್’ ಆಗಿರಲಾರ. ಮನುಷ್ಯನಿಗೆ ಆ ವಿಶೇಷಣವನ್ನು ಹಚ್ಚಿದರೆ, ಬೇಕಾದಾಗ ಬಳಸಿಕೊಳ್ಳಲು ಒದಗುವವನು ಎಂಬ ಕೀಳಾದ ಧ್ವನಿ ಹೊರಡುತ್ತದೆ. ಚೀನಾದ ಪರೀಕ್ಷಾ ಕೈಪಿಡಿಗಳಿಗೆ ಈ ತಪ್ಪು ಚೆನ್ನಾಗಿ ಗೊತ್ತು. ಈ ಗುಣವಾಚಕಕ್ಕೆ ವ್ಯಕ್ತಿಯು ಕರ್ತೃವಾಗಬಾರದು ಎಂಬ ನಿಯಮವನ್ನು ಅವು ಹೇಳುತ್ತವೆ, ಅದರ ಮೇಲೆ ಬಹುಆಯ್ಕೆಯ ಪ್ರಶ್ನೆಗಳನ್ನೂ ಕೊಡುತ್ತವೆ. ವಿದ್ಯಾರ್ಥಿಗಳು ಸರಿಯುತ್ತರಕ್ಕೆ ಗುರುತು ಹಾಕುತ್ತಾರೆ. ಅನಂತರ ಕಾಗದ ಬರೆಯುವಾಗ ಹಳೆಯ ವಾಕ್ಯವನ್ನೇ ಬರೆಯುತ್ತಾರೆ. ನಿಯಮವನ್ನು ಹೇಳಿ ಕಾರಣವನ್ನು ಹೇಳದ ಬೋಧನೆಯ ಫಲ ಇಷ್ಟೇ ಎಂದು ನನಗನ್ನಿಸುತ್ತದೆ.

ಕಾರಣ ಅವರ ಮನೆಮಾತಿನಲ್ಲಿದೆ. ‘ನಿ ಫಾಂಗ್‌ಬ್ಯೆನ್ ಮಾ?’ ಎಂಬ ಚೀನೀ ವಾಕ್ಯದಲ್ಲಿ ಇರುವುದು ಮೂರೇ ಅಂಶಗಳು: ‘ನೀನು’, ‘ಅನುಕೂಲ’, ಮತ್ತು ಪ್ರಶ್ನೆಯನ್ನು ಸೂಚಿಸುವ ‘ಮಾ’. ಚೀನೀ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯಗಳಿಲ್ಲ. ಆದ್ದರಿಂದ ಈ ‘ನೀನು’ ನಮ್ಮ ಪ್ರಥಮೆಯೋ ಚತುರ್ಥಿಯೋ ಎಂದು ಕೇಳುವುದೇ ಅಲ್ಲಿ ಅರ್ಥವಿಲ್ಲದ ಮಾತು. ಚೀನೀ ವಾಕ್ಯದಲ್ಲಿ ಮೊದಲು ಬರುವ ಪದವನ್ನು ಕರ್ತೃವೆನ್ನುವುದಕ್ಕಿಂತ ಪ್ರಸ್ತಾಪದ ವಿಷಯವೆನ್ನುವುದು ಮೇಲೆಂಬ ವಾದ ಚಾವೋ ಅವರಲ್ಲಿಯೇ ಇದೆ. ೧೯೭೬ರಲ್ಲಿ ಲಿ ಮತ್ತು ಥಾಮ್ಸನ್ ಅದನ್ನು ಭಾಷೆಗಳ ವರ್ಗೀಕರಣದ ತತ್ತ್ವವಾಗಿಯೇ ಬೆಳೆಸಿದರು. ಆ ಬೆಳಕಿನಲ್ಲಿ ನೋಡಿದರೆ ವಾಕ್ಯದ ಅರ್ಥ ‘ನಿಮ್ಮ ವಿಚಾರ ಹೇಳುವುದಾದರೆ, ಅನುಕೂಲವಿದೆಯೋ?’ ಎಂದಾಗುತ್ತದೆ. ಚೀನೀ ಗುಣವಾಚಕವು ತಾನೇ ಆಖ್ಯಾತವಾಗಿ ನಿಲ್ಲಬಲ್ಲದಾದ್ದರಿಂದ ‘ಇದೆ’ಯ ಸ್ಥಾನದಲ್ಲಿ ಏನೂ ಬೇಕಾಗಿಲ್ಲ. ಈ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ ಕಲಿಕಾರ್ಥಿ ವಿಷಯಪದವನ್ನು ಕರ್ತೃವಿನ ಜಾಗಕ್ಕೆ ಏರಿಸಿ, ಇಂಗ್ಲಿಷ್ ಬೇಡುವ ‘ಆಮ್’, ‘ಆರ್’ಗಳನ್ನು ಸೇರಿಸುತ್ತಾನೆ. ‘ನನಗೆ ಮಟ್ಟಿಗೆ’ ಎನ್ನಲು ಚೀನೀಯಲ್ಲಿಯೂ ಒಂದು ರಚನೆಯಿದೆ. ಆದರೆ ಅದು ಅಭಿಪ್ರಾಯ ಹೇಳುವಾಗ ಬರುವಂಥದು, ಭೇಟಿಯ ಹೊತ್ತನ್ನು ಕೇಳುವಾಗ ಯಾರೂ ಅದನ್ನು ಬಳಸುವುದಿಲ್ಲ.

ಇದೇ ಕುಟುಂಬದ ತಪ್ಪುಗಳು ಇನ್ನೂ ಇವೆ. ‘ಐ ಆಮ್ ಡಿಫಿಕಲ್ಟ್ ಟು ಲರ್ನ್ ಇಂಗ್ಲಿಷ್’, ‘ಐ ಆಮ್ ಇಂಪಾಸಿಬಲ್ ಟು ಕಮ್’ ಎಂಬ ವಾಕ್ಯಗಳನ್ನು ಬರೆಯುವವನು ತನಗೆ ಕಷ್ಟ, ತನಗೆ ಅಸಾಧ್ಯ ಎಂದು ಹೇಳಹೊರಟವನು. ಕಷ್ಟ, ಸಾಧ್ಯ, ಅನುಕೂಲ, ಅಗತ್ಯ ಇವೆಲ್ಲ ಒಂದೇ ಬಗೆಯ ಪದಗಳು. ಇವು ವಸ್ತುವಿನಲ್ಲಿಯೂ ಇಲ್ಲ, ವ್ಯಕ್ತಿಯಲ್ಲಿಯೂ ಇಲ್ಲ. ಇವೆರಡು ಸೇರುವಲ್ಲಿ ಇವೆ. ಒಂದೊಂದು ಭಾಷೆ ಒಂದೊಂದು ಕಡೆಗೆ ಒಲಿಯುತ್ತದೆ.

ಕನ್ನಡದವನು ಈ ತಪ್ಪಿನಿಂದ ಪಾರಾಗುವುದು ಬುದ್ಧಿಯಿಂದಲ್ಲ, ‘ಗೆ’ ಪ್ರತ್ಯಯದ ಬಲದಿಂದ. ನನಗೆ ಹಸಿವು, ನನಗೆ ಇಷ್ಟ, ನನಗೆ ಗೊತ್ತು, ನನಗೆ ಕಷ್ಟ, ನನಗೆ ಅನುಕೂಲ: ಅನುಭವಿಸುವವನನ್ನು ಚತುರ್ಥಿಯಲ್ಲಿ ನಿಲ್ಲಿಸುವುದು ನಮ್ಮ ಭಾಷೆಯ ಸ್ವಭಾವ. ಆದ್ದರಿಂದ ನಮ್ಮ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ‘ಫಾರ್ ಮಿ’ ಎನ್ನಬೇಕಾದಲ್ಲಿ ‘ಟು ಮಿ’ ಎಂದಾನು, ಆದರೆ ‘ಐ ಆಮ್ ಕನ್ವೀನಿಯೆಂಟ್’ ಎಂದು ಹೇಳುವುದು ಅಪರೂಪ. ಹಾಗೆಂದು ಕನ್ನಡದಲ್ಲಿ ವ್ಯಕ್ತಿ ‘ಅನುಕೂಲ’ದ ಕರ್ತೃವಾಗಲಾರ ಎಂದೇನೂ ಇಲ್ಲ. ‘ಅವರು ಅನುಕೂಲವಾಗಿದ್ದಾರೆ’ ಎನ್ನುತ್ತೇವೆ, ‘ಅನುಕೂಲಸ್ಥರು’ ಎನ್ನುತ್ತೇವೆ. ಆದರೆ ಆಗ ಅರ್ಥವೇ ಬದಲಾಗುತ್ತದೆ. ‘ಅವರಿಗೆ ಅನುಕೂಲ’ ಎಂದರೆ ಹೊತ್ತು, ದಾರಿ, ಸಂದರ್ಭ ಒದಗಿದೆ ಎಂದು. ‘ಅವರು ಅನುಕೂಲವಾಗಿದ್ದಾರೆ’ ಎಂದರೆ ಉಳ್ಳವರು ಎಂದು. ಒಂದು ವಿಭಕ್ತಿಯ ಅಂತರದಲ್ಲಿ ಬಿಡುವಿನ ಪ್ರಶ್ನೆ ಹಣದ ಪ್ರಶ್ನೆಯಾಗುತ್ತದೆ. ಚೀನೀಯಲ್ಲಿಯೂ ಫಾಂಗ್‌ಬ್ಯೆನ್ ಪದಕ್ಕೆ ಹಣದ ಅರ್ಥವಿದೆಯೆಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಕೈ ಫಾಂಗ್‌ಬ್ಯೆನ್ ಆಗಿಲ್ಲ ಎಂದು ಅಲ್ಲಿ ಹೇಳಿದರೆ ಕೈಯಲ್ಲಿ ಕಾಸಿಲ್ಲ ಎಂದರ್ಥ. ನಾವು ‘ಕೈ ಬಿಗಿಯಾಗಿದೆ’ ಎನ್ನುವ ಹಾಗೆ. ನಮ್ಮ ಕಾವ್ಯಮೀಮಾಂಸೆಯಲ್ಲಿಯಂತೂ ‘ಅನುಕೂಲ’ ನೇರವಾಗಿ ವ್ಯಕ್ತಿಯ ವಿಶೇಷಣ. ದಕ್ಷಿಣ, ಶಠ, ಧೃಷ್ಟರ ಜೊತೆಗೆ ಎಣಿಸುವ ಅನುಕೂಲ ನಾಯಕ ಒಬ್ಬಳಲ್ಲಿಯೇ ನಿಷ್ಠೆಯಿರುವವನು. ಈ ಪದವನ್ನು ತರಗತಿಯಲ್ಲಿ ಪಾಠ ಮಾಡಿ ಹೊರಬಂದು, ‘ನಾಳೆ ನಿಮಗೆ ಅನುಕೂಲವೇ ಸಾರ್?’ ಎಂದು ಕೇಳುವಾಗ ಎರಡೂ ಒಂದೇ ಪದವೆಂಬುದು ನಮಗೆ ನೆನಪಾಗುವುದಿಲ್ಲ.

ಇದೆಲ್ಲ ವ್ಯಾಕರಣದ ಕುತೂಹಲವಾಗಿ ಮಾತ್ರ ಉಳಿಯದಂತೆ ಮಾಡಿದ್ದು ಒಂದು ಕಾಗದ. ಬೌದ್ಧ ಸಂಸ್ಕೃತದ ಅಧ್ಯಯನಕ್ಕೆಂದು ಶಿಷ್ಯವೇತನ ಪಡೆದು ಭಾರತಕ್ಕೆ ಬಂದಿದ್ದ ಚೀನೀ ಸಂಶೋಧಕಿಯೊಬ್ಬರ ಪರಿಚಯ ನನಗೆ ಗ್ರಂಥಾಲಯದಲ್ಲಿ ಆಗಿತ್ತು. ಅವರು ರಜೆಯಲ್ಲಿ ಊರಿಗೆ ಹೋಗಿದ್ದಾಗ ಅವರನ್ನು ಸಾಕಿ ಬೆಳೆಸಿದ ಅಜ್ಜಿ, ತಾಯಿಯ ತಾಯಿ, ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ರಜೆಯ ವಿಸ್ತರಣೆ ಕೋರಿ ಅವರು ಇಲ್ಲಿಯ ಕಚೇರಿಯೊಂದಕ್ಕೆ ಇಂಗ್ಲಿಷಿನಲ್ಲಿ ಮನವಿ ಬರೆದರು. ಅದರಲ್ಲಿದ್ದ ಮುಖ್ಯ ವಾಕ್ಯಗಳು ಮೂರು: ನನ್ನ ಅಜ್ಜಿಯ ಕಾಲುಗಳು ಕನ್ವೀನಿಯೆಂಟ್ ಆಗಿಲ್ಲ, ಈ ತಿಂಗಳು ಹಿಂದಿರುಗಲು ನಾನು ಕನ್ವೀನಿಯೆಂಟ್ ಆಗಿಲ್ಲ, ತಾವು ಕನ್ವೀನಿಯೆಂಟ್ ಆಗಿದ್ದರೆ ದಯವಿಟ್ಟು ಸಹಿ ಮಾಡಿ. ಅಭ್ಯರ್ಥಿಯ ವೈಯಕ್ತಿಕ ಅನುಕೂಲಕ್ಕಾಗಿ ರಜೆಯನ್ನು ವಿಸ್ತರಿಸಲು ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂತು. ಶಿಷ್ಯವೇತನವನ್ನೂ ತಡೆಹಿಡಿಯಲಾಯಿತು.

ಅವರು ಮನವಿಯನ್ನೂ ಉತ್ತರವನ್ನೂ ನನಗೆ ಕಳುಹಿಸಿದಾಗ ನಾನು ಮೊದಲು ಕೇಳಿದ್ದು, ಅಜ್ಜಿಗೆ ನಡೆಯಲಾಗುವುದಿಲ್ಲ ಎಂದು ನೇರವಾಗಿ ಏಕೆ ಬರೆಯಲಿಲ್ಲವೆಂದು. ಹಿರಿಯರ ಬಗ್ಗೆ, ಅದರಲ್ಲಿಯೂ ಹೊರಗಿನವರಿಗೆ ಬರೆಯುವಾಗ, ಹಾಗೆ ಒರಟಾಗಿ ಹೇಳಬಾರದು ಎಂದರು. ಕಾಲು ಫಾಂಗ್‌ಬ್ಯೆನ್ ಆಗಿಲ್ಲ ಎನ್ನುವುದು ಅಲ್ಲಿ ಮುಪ್ಪನ್ನೂ ಅಂಗದೌರ್ಬಲ್ಯವನ್ನೂ ಕುರಿತ ಮೃದುವಾದ ಮಾತು. ಎರಡನೆಯ ವಾಕ್ಯದಲ್ಲಿ ‘ಬರಲಾರೆ’ ಎಂಬ ನಿರಾಕರಣೆಯನ್ನು ತಗ್ಗಿಸಲು ಅದೇ ಪದ ಬಂದಿತ್ತು. ಮೂರನೆಯದರಲ್ಲಿ ಅಧಿಕಾರಿಯ ಹೊತ್ತಿಗೆ ಕೊಟ್ಟ ಮನ್ನಣೆಯಾಗಿ ಬಂದಿತ್ತು. ಹೀಗೆ ಆ ಮನವಿಯಲ್ಲಿ ಅತ್ಯಂತ ವಿನಯದ ಪದ ಯಾವುದೋ ಅದನ್ನೇ ಇನ್ನೊಂದು ತುದಿಯಲ್ಲಿ ಉದ್ಧಟತನವೆಂದು ಓದಲಾಯಿತು. ಬಂದರೆ ಬಂದೆ, ಬಿಟ್ಟರೆ ಬಿಟ್ಟೆ ಎಂಬಂತೆ ಕೇಳಿಸಿರಬೇಕು. ವಿಭಕ್ತಿಯಿಲ್ಲದ ‘ನಾನು’ ಇಂಗ್ಲಿಷಿನ ಕರ್ತೃವಾದ ಕೂಡಲೇ ತನ್ನ ಅನುಕೂಲವನ್ನು ತಾನೇ ನೋಡಿಕೊಳ್ಳುವ ‘ನಾನು’ ಆಗಿಬಿಟ್ಟಿತ್ತು.

ಹೊಸ ಮನವಿಯಲ್ಲಿ ಆ ಪದವನ್ನೇ ಬಿಟ್ಟು ಬರೆದೆವು. ಅಜ್ಜಿ ಬಿದ್ದ ದಿನಾಂಕ, ಮುರಿದ ಮೂಳೆ, ಶಸ್ತ್ರಚಿಕಿತ್ಸೆ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿರುವುದು, ಇಷ್ಟನ್ನೇ ಬರೆದೆವು. ‘ನಡೆಯಲಾರರು’ ಎಂಬ ಪದಕ್ಕೆ ಅವರು ಕೊನೆಯವರೆಗೂ ಒಪ್ಪಲಿಲ್ಲ. ‘ಇನ್ನೂ ನಡೆಯಲು ಆರಂಭಿಸಿಲ್ಲ’ ಎಂದು ಬರೆಸಿದರು. ಅನುಮತಿ ಬಂತು. ತಡೆಹಿಡಿದ ಎರಡು ತಿಂಗಳ ಶಿಷ್ಯವೇತನ ಬರಲಿಲ್ಲ.

ಫಾಂಗ್‌ಬ್ಯೆನ್ ಪದದ ಹರಹು ಇಷ್ಟಕ್ಕೆ ನಿಲ್ಲುವುದಿಲ್ಲ. ಹೇಳಲು ಫಾಂಗ್‌ಬ್ಯೆನ್ ಆಗಿಲ್ಲ ಎಂದರೆ ಹೇಳಲಿಚ್ಛಿಸುವುದಿಲ್ಲ ಎಂದರ್ಥ. ಕುದಿನೀರು ಹಾಕಿ ತಿನ್ನುವ ಸಿದ್ಧ ನೂಡಲ್ಸಿಗೆ ಅಲ್ಲಿ ‘ಫಾಂಗ್‌ಬ್ಯೆನ್ ಮ್ಯೆನ್’ ಎಂದು ಹೆಸರು. ಬಹಿರ್ದೆಸೆಗೆ ಹೋಗುವುದನ್ನೂ ಇದೇ ಪದದಿಂದ ಸೂಚಿಸುತ್ತಾರೆ. ಈ ಕೊನೆಯ ಅರ್ಥವನ್ನು ಮಾತ್ರ ಕಲಿತ ವಿದೇಶೀಯನಿಗೆ, ‘ನೀವು ಫಾಂಗ್‌ಬ್ಯೆನ್ ಆಗಿರುವಾಗ ಬಂದು ಕಾಣುತ್ತೇನೆ’ ಎಂದು ಚೀನೀಯನೊಬ್ಬ ಹೇಳಿ ಕಂಗೆಡಿಸಿದ ನಗೆಹನಿ ಚೀನೀ ಕಲಿಸುವ ತರಗತಿಗಳಲ್ಲಿ ಬಹಳ ಹಳೆಯದು. ನಗುವ ಮೊದಲು ಬ್ರಿಟನ್ನಿನಲ್ಲಿ ಸಾರ್ವಜನಿಕ ಶೌಚಾಲಯಗಳಿಗೆ ‘ಪಬ್ಲಿಕ್ ಕನ್ವೀನಿಯೆನ್ಸ್’ ಎಂಬ ಹೆಸರಿದ್ದುದನ್ನು ನೆನೆಯಬೇಕು. ಎರಡು ಭಾಷೆಗಳೂ ಪರಸ್ಪರ ಕೇಳದೆ ಒಂದೇ ಪದದ ಮರೆಗೆ ಹೋಗಿವೆ.

ಕನ್ನಡ ಓದುಗರಿಗೆ ಹೆಚ್ಚು ಹತ್ತಿರವಾದ ಸಂಗತಿ ಈ ಪದದ ಬೌದ್ಧ ಹಿನ್ನೆಲೆ. ಸದ್ಧರ್ಮಪುಂಡರೀಕ ಸೂತ್ರದ ಎರಡನೆಯ ಅಧ್ಯಾಯದ ವಿಷಯ ಉಪಾಯಕೌಶಲ್ಯ. ಕ್ರಿ.ಶ. ೨೮೬ರಲ್ಲಿ ಧರ್ಮರಕ್ಷನು ಈ ಸೂತ್ರವನ್ನು ಚೀನೀಗೆ ತಂದಾಗ ಅಧ್ಯಾಯದ ಹೆಸರಿಗೆ ಬೇರೊಂದು ಪದವನ್ನು ಬಳಸಿದ್ದನು. ೪೦೬ರಲ್ಲಿ ಛಾಂಗ್‌ಆನ್ ನಗರದಲ್ಲಿ ಕುಮಾರಜೀವನು ಮಾಡಿದ, ಇಂದಿಗೂ ಹೆಚ್ಚು ಪಠಣದಲ್ಲಿರುವ ಅನುವಾದದಲ್ಲಿ ಆ ಅಧ್ಯಾಯದ ಹೆಸರು ‘ಫಾಂಗ್‌ಬ್ಯೆನ್’. ನಮ್ಮ ‘ಉಪಾಯ’ವೇ ಅದು. ಕೇಳುವವನ ಶಕ್ತಿ ಎಷ್ಟೋ ಅದಕ್ಕೆ ತಕ್ಕಂತೆ ಬುದ್ಧನು ಬೋಧನೆಯ ರೂಪವನ್ನು ಬದಲಿಸುತ್ತಾನೆ ಎಂಬುದು ಅದರ ತಿರುಳು. ಉರಿಯುವ ಮನೆಯಲ್ಲಿ ಆಟದಲ್ಲಿ ಮೈಮರೆತ ಮಕ್ಕಳನ್ನು ಬಂಡಿಗಳ ಆಸೆ ತೋರಿಸಿ ಹೊರಗೆ ಕರೆಯುವ ತಂದೆಯ ದೃಷ್ಟಾಂತ ಮುಂದಿನ ಅಧ್ಯಾಯದಲ್ಲಿ ಬರುತ್ತದೆ. ಧರ್ಮದ ಪರಿಭಾಷೆಯಲ್ಲಿ ಹೀಗೆ ನೆಲೆಗೊಂಡ ಪದ, ಇನ್ನೊಬ್ಬರಿಗೆ ತಕ್ಕಂತೆ ನಡೆದುಕೊಳ್ಳುವ ಅರ್ಥದ ಮೂಲಕ ದಿನಬಳಕೆಯ ಸೌಕರ್ಯದವರೆಗೆ, ಕೊನೆಗೆ ನೂಡಲ್ಸಿನವರೆಗೆ ಬಂದಿದೆ.

ಅದೇ ‘ಉಪಾಯ’ ಕನ್ನಡದಲ್ಲಿ ಹಿಡಿದ ದಾರಿ ಬೇರೆ. ಸಾಮ, ದಾನ, ಭೇದ, ದಂಡಗಳೆಂಬ ಚತುರುಪಾಯಗಳ ರಾಜನೀತಿ ನಮ್ಮಲ್ಲಿ ಬಲವಾಗಿದ್ದುದರಿಂದಲೋ ಏನೋ, ‘ಉಪಾಯಗಾರ’ ಎಂದರೆ ನಮಗೆ ಚಾಲಾಕಿ ಮನುಷ್ಯ ಕಾಣುತ್ತಾನೆ. ‘ನಿರುಪಾಯ’ ಎಂದರೆ ದಾರಿಗಾಣದ ಸ್ಥಿತಿ. ‘ಉಪಾಯವಾಗಿ ಇಳಿಸು’ ಎಂದು ತಾಯಿ ಹೇಳುವಾಗ ಮಾತ್ರ, ತುಂಬಿದ ಪಾತ್ರೆಗೂ ಇಳಿಸುವವನಿಗೂ ಅಪಾಯವಾಗದ ಆ ನಯದಲ್ಲಿ, ಹಳೆಯ ಕೌಶಲ್ಯದ ಅರ್ಥ ಉಳಿದಿದೆ. ನನ್ನ ಚೀನೀ ಗೆಳತಿಗೆ ತಮ್ಮ ಫಾಂಗ್‌ಬ್ಯೆನ್ ನಮ್ಮ ಉಪಾಯವೆಂಬುದು ಅಧ್ಯಯನದ ವಿಷಯವಾಗಿ ಮೊದಲೇ ತಿಳಿದಿತ್ತು. ಮನವಿಯ ಪ್ರಕರಣವಾದ ಮೇಲೆ ಅವರು, ತಾವು ಸಂಸ್ಕೃತಕ್ಕೆ ಅನುವಾದಿಸಿದ್ದರೆ ತಪ್ಪಾಗುತ್ತಿರಲಿಲ್ಲವೇನೋ ಎಂದು ನಕ್ಕರು.

ಇಂಗ್ಲಿಷ್ ಪದದ ಮೂಲವೂ ನಮಗೆ ಅಪರಿಚಿತವಲ್ಲ. ಲ್ಯಾಟಿನ್ನಿನ ‘ಕನ್‌ವೆನೀರೆ’ ಎಂದರೆ ಅಕ್ಷರಶಃ ‘ಕೂಡಿ ಬರು’. ಕಾಲ ಕೂಡಿ ಬಂತು ಎಂದು ನಾವು ಹೇಳುವಲ್ಲಿ ಇರುವ ಚಿತ್ರವೇ ಅದು. ಅನುಕೂಲದ ಚಿತ್ರ ಹೊಳೆಯದು: ‘ಕೂಲ’ ಎಂದರೆ ದಡ; ದಡದ ಗುಂಟ ಹೋಗುವುದು ಅನುಕೂಲ, ಅದಕ್ಕೆ ಎದುರಾದುದು ಪ್ರತಿಕೂಲ. ೧೬೧೧ರ ಇಂಗ್ಲಿಷ್ ಬೈಬಲಿನಲ್ಲಿ ‘ಕನ್ವೀನಿಯೆಂಟ್’ ಹಲವೆಡೆ ‘ತಕ್ಕುದು’, ‘ಉಚಿತವಾದುದು’ ಎಂಬ ಅರ್ಥದಲ್ಲಿದೆ. ನೀತಿಗೆ ಒಗ್ಗದ ನಡತೆ ಅಲ್ಲಿ ಕನ್ವೀನಿಯೆಂಟ್ ಅಲ್ಲದ ನಡತೆ. ಔಚಿತ್ಯ ಸುಖವಾಗಿ ಇಳಿದದ್ದು ಅನಂತರ. ಇಂತಹ ಇಳಿತ ನಮ್ಮಲ್ಲಿಯೂ ಆಗಿದೆ. ಕ್ಷೇಮೇಂದ್ರನು ಕಾವ್ಯದ ಜೀವವೆಂದು ವಿಚಾರ ಮಾಡಿದ ಔಚಿತ್ಯದ ‘ಉಚಿತ’ವು ಇಂದು ಬೀದಿಯ ಫಲಕಗಳಲ್ಲಿ ಬಿಟ್ಟಿಯಾಗಿ ದೊರೆಯುವುದಕ್ಕೆ ಹೆಸರು. ಚೀನೀಯಲ್ಲಿ ಇದಕ್ಕೆ ಸರಿಜೋಡಿಯಿದೆ. ಫಾಂಗ್‌ಬ್ಯೆನ್ ಪದದ ಎರಡನೆಯ ಲಿಪಿಚಿಹ್ನೆ ಇನ್ನೊಂದು ಚಿಹ್ನೆಯೊಡನೆ ಸೇರಿ ‘ಬ್ಯೆನ್ಯಿ’ ಎಂದು ಓದಿಸಿಕೊಂಡರೆ ಸಂದರ್ಭಕ್ಕೆ ತಕ್ಕುದು, ‘ಪ್ಯೆನ್ಯಿ’ ಎಂದು ಓದಿಸಿಕೊಂಡರೆ ಅಗ್ಗವಾದುದು. ಅವರದು ಅಗ್ಗಕ್ಕೆ ನಿಂತಿತು, ನಮ್ಮದು ಪುಕ್ಕಟೆಯವರೆಗೆ ಹೋಯಿತು.

ಇಷ್ಟು ಹೇಳಿದ ಮೇಲೆ ಬೋಧನೆಯ ಮಾತಿಗೆ ಬರಬೇಕು. ಪದಕ್ಕೆ ಪದವಿಡುವ ಪಟ್ಟಿಯನ್ನು ಕಿತ್ತುಹಾಕಬೇಕೆಂದು ನಾನು ವಾದಿಸುವುದಿಲ್ಲ. ಲಕ್ಷಾಂತರ ಮಕ್ಕಳು ಪರೀಕ್ಷೆ ಬರೆಯುವ ದೇಶದಲ್ಲಿ ಅದು ಆಗುವ ಹೋಗುವ ಮಾತಲ್ಲ. ಆದರೆ ಕಷ್ಟ, ಸಾಧ್ಯ, ಅನುಕೂಲಗಳಂತಹ ಗುಣವಾಚಕಗಳ ಎದುರು ಸಮಾನಾರ್ಥಕದ ಜೊತೆಗೆ ‘ಏನು, ಯಾರಿಗೆ’ ಎಂಬ ಎರಡು ಖಾಲಿ ಜಾಗಗಳನ್ನಾದರೂ ತೋರಿಸಬಹುದು. ಬಳಸುವವನು ಎರಡನ್ನೂ ತುಂಬಿದರೆ ವಾಕ್ಯ ತಾನಾಗಿ ಸರಿಹೋಗುತ್ತದೆ. ವ್ಯಕ್ತಿಯ ಬಿಡುವನ್ನು ಕೇಳಬೇಕಾದಲ್ಲಿ ‘ಫ್ರೀ’ ಎಂಬ ಬೇರೆ ಗುಣವಾಚಕವಿದೆ, ಕಾಲಿನ ನಿಶ್ಶಕ್ತಿಗೆ ಬೇರೆ ಮಾತಿದೆ ಎಂಬುದನ್ನೂ ಅಲ್ಲಿಯೇ ಹೇಳಬೇಕು. ಒಂದು ಫಾಂಗ್‌ಬ್ಯೆನ್‌ಗೆ ಇಂಗ್ಲಿಷಿನಲ್ಲಿ ಐದಾರು ಪದಗಳು ಬೇಕಾಗುತ್ತವೆ. ಇದಕ್ಕೆ ಎದುರಾಗಿ, ‘ಕನ್ವೀನಿಯೆಂಟ್’ ಪದದ ವ್ಯಂಗ್ಯದ ಅಂಚು, ಅಂದರೆ ತನಗೆ ಬೇಕಾದಂತೆ ಒದಗಿಬಂದ ನೆಪವನ್ನು ಆ ಪದದಿಂದ ಚುಚ್ಚುವ ರೂಢಿ, ಫಾಂಗ್‌ಬ್ಯೆನ್‌ಗೆ ಹಾಗೆಯೇ ಇಳಿಯುವುದಿಲ್ಲ. ಹವಾಮಾನದ ಬಿಸಿಯನ್ನು ಕುರಿತ ೨೦೦೬ರ ಅಮೆರಿಕದ ಸಾಕ್ಷ್ಯಚಿತ್ರ ‘ಆನ್ ಇನ್‌ಕನ್ವೀನಿಯೆಂಟ್ ಟ್ರೂತ್’ ಶೀರ್ಷಿಕೆಯನ್ನು ಕನ್ನಡಿಸುವಾಗ ‘ಅನನುಕೂಲ ಸತ್ಯ’ ಎಂದರೆ ನಮಗೂ ಏನೋ ಸಪ್ಪೆಯೆನಿಸುತ್ತದೆ. ‘ಒಗ್ಗದ ಸತ್ಯ’ ಎಂದರೆ ಸ್ವಲ್ಪ ಹತ್ತಿರ ಬಂದೀತು.

ನಮ್ಮ ನಿಘಂಟುಗಳಿಗೂ ಈ ಮಾತು ಸಲ್ಲುತ್ತದೆ. ಕನ್ನಡ ಕಲಿಯಲು ಬರುವ ಹೊರನಾಡಿನವನಿಗೆ ‘ಅನುಕೂಲ’ದ ಅರ್ಥವನ್ನು ನಮ್ಮ ಕೋಶಗಳು ಹೇಳುತ್ತವೆ, ‘ನನಗೆ’ ಎಂದರೆ ಬಿಡುವು, ‘ನಾನು’ ಎಂದರೆ ಸಿರಿತನ ಎಂಬ ಭೇದವನ್ನು ಹೇಳುವುದಿಲ್ಲ. ಆ ಭೇದ ಹುಟ್ಟಿನಿಂದ ಗೊತ್ತಿರುವವರಿಗೆ ಅದನ್ನು ಬರೆದಿಡುವುದು ವ್ಯರ್ಥವೆನಿಸುತ್ತದೆ. ಆದರೆ ಅದೆಷ್ಟು ಆಳವಾಗಿ ಬೇರೂರಿದೆಯೆಂಬುದಕ್ಕೆ ಬೆಂಗಳೂರಿನ ಇಂದಿನ ಮಾತೇ ಸಾಕ್ಷಿ. ಇಂಗ್ಲಿಷ್ ಗುಣವಾಚಕವನ್ನು ಇಡಿಯಾಗಿ ತಂದುಕೊಂಡವರೂ ‘ನಾನು ಕನ್ವೀನಿಯೆಂಟ್ ಇಲ್ಲ’ ಎನ್ನುವುದಿಲ್ಲ. ‘ನಂಗೆ ಸೋಮವಾರ ಕನ್ವೀನಿಯೆಂಟ್ ಆಗಲ್ಲ, ಬುಧವಾರ ಬರ್ಲಾ?’ ಎನ್ನುತ್ತಾರೆ.